ಎಲ್ಲರ ಕಿಸೆಯಲ್ಲಿದ್ದ ಚಾವಿ

ಕಳೆದ ಭಾನುವಾರ ಮಲಗುವ ಕೋಣೆಯ ಕಿಟಕಿಯ ಲಾಕು ಕಿತ್ತು ಕೈಗೆ ಬಂತು. ಸರಿಸುವ ಗಾಜಿನ ಕಿಟಕಿಗಳಿಗೆ ಈಗ ಎಲ್ಲರ ಮನೆಯಲ್ಲೂ ಹಾಕುತ್ತಾರಲ್ಲ, ಹೆಬ್ಬೆರಳಿನಷ್ಟು ಉದ್ದದ್ದು, ಒತ್ತಿದರೆ ಟಕ್ಕೆಂದು ಕೂರುವಂಥದ್ದು, ಅದೇ. ಒಂದು ವರ್ಷದಲ್ಲಿ ಇದು ಮೂರನೆಯದು. ಸೇಡಂನಲ್ಲಿ ಈ ಮನೆ ಕಟ್ಟಿಸುವಾಗ ಕಿಟಕಿಯವನು, ಮೇಡಂ, ಹತ್ತು ವರ್ಷ ಕಣ್ಣೆತ್ತಿ ನೋಡೋದು ಬ್ಯಾಡ ಅಂದಿದ್ದ. ಖರೆ, ಅವನು ಆಮೇಲೆ ಕಣ್ಣೆತ್ತಿಯೂ ನೋಡಿಲ್ಲ, ಫೋನನ್ನೂ ಎತ್ತಿಲ್ಲ.

ಬೇರೆ ಮೆಕ್ಯಾನಿಕ್ ಬಂದ. ಕಿಟಕಿಯನ್ನು ಎರಡು ಸಲ ಆ ಕಡೆ ಈ ಕಡೆ ಎಳೆದ. "ಈ ಪಾರ್ಟು ಈಗ ಬರಾಂಗಿಲ್ರಿ ಆಂಟಿ. ಪೂರಾ ಕಿಟಕಿನೇ ಬದಲಿ ಮಾಡ್ರಿ" ಅಂದ. ಹೆಬ್ಬೆರಳುದ್ದದ ಸಾಮಾನಿಗಾಗಿ ಆಳೆತ್ತರದ ಕಿಟಕಿ ಬದಲಿಸಬೇಕಂತೆ! ನನ್ನ ಮುಖ ಕಂಡು ಹೆದರಿದನೋ ಏನೋ, ಚೀಲದಿಂದ ಡಬ್ಬಿ ತೆಗೆದು ಕಿಟಕಿ ಸರಿಯುವ ಹಳಿಯ ತುಂಬ ಬುಸ್ಸೆಂದು ಎಣ್ಣೆ ಹೊಡೆದ. ಆ ಎಣ್ಣೆಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ವಾಡಿಯ ಚಾಚಾ ನೆನಪಾದರು. ಅವರಿದ್ದಿದ್ದರೆ ಅವನ ಕೈಯಿಂದ ಡಬ್ಬಿ ಕಸಿದು ಬೀದಿಗೆ ಎಸೆಯುತ್ತಿದ್ದರು. ಧೂಳಿನ ಊರಲ್ಲಿ ಕಿಟಕಿಗೆ ಎಣ್ಣೆ ಹಾಕುವವನಿಗೆ ಬುದ್ಧಿಯಿಲ್ಲ ಎನ್ನುವುದು ಅವರ ಮಾತು. ಎಣ್ಣೆ ಧೂಳನ್ನು ಹಿಡಿದಿಟ್ಟುಕೊಂಡು ಕಬ್ಬಿಣ ತಿನ್ನುತ್ತದೆ. ಅವರು ಹಾಕುತ್ತಿದ್ದದ್ದು ಪೆನ್ಸಿಲಿನ ಕಡ್ಡಿಯ ಪುಡಿ...

ಆಗ ನಾವು ವಾಡಿಯಲ್ಲಿದ್ದೆವು. ನಮ್ಮ ಯಜಮಾನರು ಗೂಡ್ಸ್ ಗಾಡಿಯ ಗಾರ್ಡು, ನಾನು ಪ್ರಾಥಮಿಕ ಶಾಲೆಯ ಟೀಚರು. ಜೊತೆಗೆ ನಮ್ಮ ಅತ್ತೆ. ಬಾಡಿಗೆ ಮನೆಯಿದ್ದ ಗಲ್ಲಿಯ ತುಂಬ ರೈಲ್ವೆಯ ಮಂದಿಯೇ. ಚಾಚಾ ನಮ್ಮಿಂದ ಎರಡನೇ ಮನೆ. ರೈಲು ಡಬ್ಬಿಗಳ ರಿಪೇರಿಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮನೆಯ ಮುಂದಿನ ತಗಡಿನ ನೆರಳಿನಲ್ಲಿ ಕಬ್ಬಿಣ ಬಿಗಿಹಿಡಿಯುವ ಒಂದು ವೈಸು, ನಾಲ್ಕಾರು ಅರಗಳನ್ನು ಇಟ್ಟುಕೊಂಡು ಬೀಗ, ಕೊಂಡಿ, ಬಾಗಿಲು, ಕಿಟಕಿ ರಿಪೇರಿ ಮಾಡುತ್ತಿದ್ದರು. ಇಡೀ ಗಲ್ಲಿಗೆ ಅವರು ಚಾಚಾ.

ಅವರ ಮೊದಲ ಪರಿಚಯವೇ ಬೈಗುಳದಿಂದ ಆಯಿತು. ಮನೆ ಹೊಕ್ಕ ಮೊದಲ ವಾರ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಎರಡು ಬಕೆಟ್ ನೀರು ಸುರಿದು ಕಿಟಕಿಯ ಹಳಿ ತೊಳೆದಿದ್ದೆ. ನಮ್ಮ ಸುಲೇಪೇಟೆಯ ಕಡೆ ಹಾಗೇ ತೊಳೆಯುವುದು. ಅಲ್ಲಿಯದು ಹೊಲದ ಮಣ್ಣು, ನೀರು ಹಾಕಿದರೆ ಹರಿದು ಹೋಗುತ್ತದೆ. ವಾಡಿಯಲ್ಲಿ ಮಾರನೆಯ ದಿನ ಕಿಟಕಿ ಅಲುಗಾಡಲಿಲ್ಲ. ಹಳಿಯೊಳಗೆ ಸೇರಿದ್ದ, ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ನೀರು ಕುಡಿದು ಗಚ್ಚಾಗಿ ಕೂತಿತ್ತು. ಚಾಚಾ ಚಾಣ, ಸುತ್ತಿಗೆ ಹಿಡಿದು ಬಂದು, ನೆಲಕ್ಕೆ ಕೂತು, ಕೆತ್ತುತ್ತ ಕೆತ್ತುತ್ತ ಗಲ್ಲಿಗೆಲ್ಲ ಕೇಳುವಂತೆ ಒದರಿದರು. "ಯಾವ ಊರವ್ವ ನಿಮ್ದು? ವಾಡ್ಯಾಗ ಕಿಟಕಿಗಿ ನೀರು ಹಾಕ್ತಾರೇನ್ರಿ ಯಾರರ? ಒಣಾ ಬ್ರಶ್ ತಗೊಂಡು ಝಾಡಿಸಬೇಕು ಮೊದಲ! ಟೀಚರ್ ಅಂತೀರಿ, ಇಷ್ಟು ಗೊತ್ತಿಲ್ಲ?"

ನನಗೆ ಸಿಟ್ಟು ನೆತ್ತಿಗೇರಿತ್ತು. ಅಂದಿನಿಂದ ಅವರ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದೆ. ಅವರಿಗೆ ಅದರ ಪರಿವೆಯೇ ಇರಲಿಲ್ಲ. "ಟೀಚರ್, ಸಾಲ್ಯಾಗ ಪೆನ್ಸಿಲ್ ತುಣುಕು ಬಿದ್ದಿರತಾವಲ್ಲ, ನನಗ ತಂದು ಕೊಡ್ರಿ" ಎಂದು ಕೂಗುತ್ತಿದ್ದರು. ತಂದು ಕೊಡುತ್ತಲೂ ಇದ್ದೆ. ಯಾಕೆ ತಂದು ಕೊಡುತ್ತಿದ್ದೆನೋ...

ಆ ಕಿಟಕಿಗಳದ್ದೇ ಒಂದು ದೊಡ್ಡ ತಲೆನೋವು. ಮನೆಯ ಮಾಲೀಕ ಹಳೆಯ ಕಟ್ಟಿಗೆಯ ಕಿಟಕಿಗಳನ್ನು ಸರಳುಗಳ ಸಮೇತ ಕೀಳಿಸಿ ಅಲ್ಯೂಮಿನಿಯಂ ಕಿಟಕಿ ಕೂಡಿಸಿದ್ದ. ಗ್ರಿಲ್ ಆಮೇಲೆ ಅಂದವನು ಆ ಆಮೇಲೆಯನ್ನು ಎರಡು ವರ್ಷ ಎಳೆದ. ನಾವೇ ಹಾಕಿಸೋಣವೆಂದರೆ ಶಹಾಬಾದಿನಿಂದ ಬಂದ ಗ್ರಿಲ್‌ನವನು ಅಳತೆ ತೆಗೆದುಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಹಿಂದಿನ ಕೋಣೆಯ ಕಿಟಕಿ ನೆಲದಿಂದ ಮೊಣಕಾಲೆತ್ತರಕ್ಕಿತ್ತು. ಅದೇ ಅತ್ತೆಯ ಕೋಣೆ.

ಆ ಹೊತ್ತಿಗೆ ಅತ್ತೆಗೆ ಮರೆವು ಹತ್ತಿತ್ತು. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತರು, ಆಮೇಲೆ ನನ್ನ ಹೆಸರು. ಕಡೆಗೆ ತಮಗೆ ಮದುವೆಯಾಗಿರುವುದನ್ನೇ ಮರೆತು, ಚಿತ್ತಾಪುರದ ಹತ್ತಿರದ ತವರಿಗೆ ಹೋಗಬೇಕು, ಗಾಡಿಗೆ ಹೊತ್ತಾಯಿತು ಎಂದು ದಿನವಿಡೀ ಚಡಪಡಿಸುವರು. ನಾನು ಶಾಲೆಗೆ ಹೋಗುವಾಗ ಮುಂಬಾಗಿಲಿಗೆ ಬೀಗ ಹಾಕಿ ಹೋಗಬೇಕಿತ್ತು, ಬೇರೆ ದಾರಿಯಿರಲಿಲ್ಲ. ಒಂದು ಮಧ್ಯಾಹ್ನ ಅವರು ಕಿಟಕಿ ಸರಿಸಿ, ಹೊರಗೆ ಕಾಲಿಟ್ಟು, ನೇರ ರೈಲು ಹಳಿಗೆ ನಡೆದಿದ್ದರು. ರೈಲ್ವೆ ಗೇಟು ಕಾಯುವವನು ಕೈಹಿಡಿದು ಈಚೆ ಎಳೆದುಕೊಂಡ ಮೇಲೆ ಗಾಡಿ ಹಾದುಹೋಯಿತಂತೆ. 

ಆ ಸಂಜೆಯೇ ಕಿಟಕಿಗೆ ಬೀಗ ಬೇಕೆಂದು ಚಾಚಾ ಹತ್ತಿರ ಓಡಿದೆ. "ನಾಳೆನೇ ಕೀಲಿ ಹಾಕಿಕೊಡ್ರಿ ಚಾಚಾ. ಗಟ್ಟಿ ಕೀಲಿ. ಚಾವಿ ನನ್ನ ಹತ್ರ ಇರಬೇಕು" ಅಂದೆ. ಅವರು ಮರುದಿನ ಬಂದರು. ಬಂದವರು ಕಿಟಕಿಯನ್ನು ನೋಡಲೇ ಇಲ್ಲ! ಅತ್ತೆಯ ಮಂಚದ ಪಕ್ಕ ಕೂತು ತವರೂರಿನ ಮಾತು ತೆಗೆದರು. ಅದರ ಮರುದಿನವೂ ಬಂದು ಚಹಾ ಕುಡಿದು ಹೋದರು. ಮೂರನೆಯ ದಿನ ಅತ್ತೆಗೆ, "ಅಮ್ಮಾ, ಕೈ ಚಾಚ್ರಿ" ಎಂದು ಅವರ ತೋಳಿನ ದಪ್ಪವನ್ನು ಸುತಳಿಯಲ್ಲಿ ಅಳೆದುಕೊಂಡರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಒಂದು ವಾರ ದಿನಾ ಶಾಲೆಯಲ್ಲಿ ಜೀವ ಕೈಯಲ್ಲಿ ಹಿಡಿದು ಪಾಠ ಮಾಡಿದ್ದೇನೆ.

ಎಂಟನೆಯ ದಿನ ಕೀಲಿ ತಂದರು. ಎರಡು ಗಾಜಿನ ಚೌಕಟ್ಟುಗಳು ಒಂದರ ಮೇಲೊಂದು ಬರುವ ಕಡೆ ತೂತು ಕೊರೆದು, ಅದರಲ್ಲಿ ಉಕ್ಕಿನ ಬೋಲ್ಟು ಕೂಡಿಸಿದರು. ಬೋಲ್ಟಿನ ತಲೆ ಚೌಕಾಕಾರ, ಒಳಗಿನಿಂದಲೂ ಹೊರಗಿನಿಂದಲೂ ತಿರುಗಿಸಬಹುದು. ಕಿಟಕಿಯನ್ನು ಪೂರ್ತಿ ಮುಚ್ಚಿಯೂ ನಿಲ್ಲಿಸಬಹುದು, ಒಂದು ತೋಳು ತೂರುವಷ್ಟು ತೆರೆದೂ ನಿಲ್ಲಿಸಬಹುದು. ತಲೆ ತೂರುವುದಿಲ್ಲ. ಗಾಳಿ ಬರುತ್ತದೆ.

"ಚಾವಿ?" ಅಂದೆ.

ಕಿಸೆಯಿಂದ ತೆಗೆದು ತೋರಿಸಿದರು. ರೈಲು ಡಬ್ಬಿಯ ಬಾಗಿಲು ತೆಗೆಯುವ ಚೌಕ ತೂತಿನ ಚಾವಿ! ನಮ್ಮ ಯಜಮಾನರ ಕಿಸೆಯಲ್ಲೂ ಅದೇ, ಎದುರು ಮನೆಯ, ಗಾಡಿಗಳ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಕಿಸೆಯಲ್ಲೂ ಅದೇ. ಗಲ್ಲಿಯ ಮನೆಮನೆಯಲ್ಲಿ ಮೊಳೆಗೆ ತೂಗಾಡುವ ಚಾವಿ ಅದು.

"ಇದೆಂಥಾ ಕೀಲಿ ಚಾಚಾ? ಎಲ್ಲಾರ ಹತ್ರನೂ ಚಾವಿ ಇದ್ರ ಕೀಲಿ ಯಾಕ ಹಾಕಬೇಕು?"

"ಅಮ್ಮಾನ ಹತ್ರ ಇಲ್ಲಲ್ಲ, ಸಾಕು. ನೀವು ಸಾಲ್ಯಾಗ ಇರತೀರಿ, ಅವರು ಗಾಡ್ಯಾಗ ಇರತಾರ. ಒಳಗ ಏನರ ಆತಂದ್ರ ಯಾರು ತೆಗೀಬೇಕು? ಗಲ್ಲ್ಯಾಗಿನ ಮಂದಿನೇ ತೆಗೀಬೇಕಲ್ರಿ."

ಬೇರೆ ಗತಿಯಿಲ್ಲದೆ ಒಪ್ಪಿದೆ. ಐದಾರು ತಿಂಗಳು ಚೆನ್ನಾಗಿಯೇ ನಡೆಯಿತು. ಅತ್ತೆ ಕಿಟಕಿಯ ಪಕ್ಕ ಕೂತು ಕೈ ಹೊರಗೆ ಚಾಚುವರು, ಹೋಗಿಬರುವವರು ಮಾತಾಡಿಸುವರು. ಚಾಚಾ ಅಂತೂ ದಿನಾ ಆ ಕೈ ಕುಲುಕಿ, "ಗಾಡಿ ಲೇಟ್ ಅದ ಅಮ್ಮಾ, ಕುಂದ್ರಿ" ಎಂದು ಹೇಳಿ ಹೋಗುತ್ತಿದ್ದರಂತೆ. ಅತ್ತೆ ಸಮಾಧಾನದಿಂದ ಕೂರುತ್ತಿದ್ದರು. ನಾನು ಎಷ್ಟು ಹೇಳಿದರೂ ಕೂರದವರು ಅವರ ಮಾತಿಗೆ ಕೂರುತ್ತಿದ್ದರು ಎನ್ನುವುದೂ ನನ್ನ ಹೊಟ್ಟೆಯೊಳಗೆ ಸಣ್ಣ ಉರಿಯಾಗಿತ್ತು. ಈಗ ಮುಚ್ಚಿಡುವುದೇನು.

ಒಂದು ದಿನ ಶಾಲೆ ಬೇಗ ಬಿಟ್ಟಿತು. ಬಂದು ನೋಡಿದರೆ ಕಿಟಕಿ ಪೂರ್ತಿ ತೆರೆದಿದೆ. ಪಾಯಿಂಟ್ಸ್‌ಮನ್‌ನ ಹೆಂಡತಿ ಹೊರಗೆ ನಿಂತು ಅತ್ತೆಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ತಿನ್ನಿಸುತ್ತಿದ್ದಾಳೆ. "ಹಸಿವಿ ಅಂದ್ರು ಟೀಚರ್, ತಾಟು ಒಳಗ ಹೋಗ್ಲಿಲ್ಲ, ಅದಕ್ಕ ತೆಗದೆ" ಅಂದಳು. ನನಗೆ ರೊಟ್ಟಿ ಕಾಣಲಿಲ್ಲ. ನನ್ನ ಮನೆಯನ್ನು ಯಾರು ಬೇಕಾದರೂ ತೆರೆಯಬಹುದು ಅನ್ನುವುದಷ್ಟೇ ಕಂಡಿತು. ನಾನು ಅತ್ತೆಗೆ ಉಣ್ಣಲು ಇಟ್ಟು ಹೋಗುವುದಿಲ್ಲ ಎಂದು ಗಲ್ಲಿಯವರು ಆಡಿಕೊಳ್ಳುತ್ತಾರೆ ಅನ್ನುವುದು ಕಂಡಿತು. ಬಾಯಿಗೆ ಬಂದದ್ದು ಅಂದುಬಿಟ್ಟೆ.

ಆ ವಾರವೇ ಶಹಾಬಾದಿನ ಅಂಗಡಿಯಿಂದ ಬೇರೆಯವನನ್ನು ಕರೆಸಿ ಹೊಳೆಯುವ ಹೊಸ ಲಾಕು ಹಾಕಿಸಿದೆ. ಕಿಟಕಿ ಪೂರ್ತಿ ಮುಚ್ಚಿದಾಗಷ್ಟೇ ಬೀಳುವಂಥದ್ದು. ಒಂದೇ ಚಾವಿ, ನನ್ನ ಪರ್ಸಿನಲ್ಲಿ. ಚಾಚಾ ಮಾಡಿದ್ದನ್ನು ಕಾಗದದಲ್ಲಿ ಸುತ್ತಿ ಅವರ ವೈಸಿನ ಪಕ್ಕ ಇಟ್ಟು ಬಂದೆ.

"ಒಮ್ಮೆರ ಕೆಟ್ಟಿತ್ತೇನ್ರಿ ಟೀಚರ್?" ಎಂದು ಕೇಳಿದರು.

"ಕೆಟ್ಟಿಲ್ಲ. ನಮ್ಮ ಮನಿ ನಮ್ಮದು, ಅದಕ್ಕ" ಅಂದೆ.

ಅವರು ಕಾಗದ ಬಿಚ್ಚಿ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಗಾಳಿಗರ ಒಂದೀಟು ಜಾಗಾ ಬಿಡ್ರಿ" ಎಂದಷ್ಟೇ ಅಂದರು.

ಹದಿನೈದು ದಿನವೂ ಆಗಿರಲಿಲ್ಲ. ಶಾಲೆಯ ಬಾಗಿಲಿಗೆ ಯಾರೋ ಸೈಕಲ್ ಮೇಲೆ ಬಂದು, ಟೀಚರ್, ಮನೆಗೆ ನಡೀರಿ ಅಂದರು. ನಾನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತೆ ಚಹಾ ಮಾಡಲು ಹೋಗಿ ಗ್ಯಾಸಿನ ಕಿವಿ ತಿರುಗಿಸಿ, ಕಡ್ಡಿ ಗೀರುವುದನ್ನು ಮರೆತು, ಬಂದು ಮಂಚದ ಮೇಲೆ ಮಲಗಿದ್ದರು. ಬಾಗಿಲ ಸಂದಿಯಿಂದ ವಾಸನೆ ಹೊರಗೆ ಬಂದಾಗ ಗಲ್ಲಿಯವರು ಕಿಟಕಿಗೆ ಓಡಿದರು. ಕಿಸೆಯಲ್ಲಿ ಚಾವಿ ಹಿಡಿದುಕೊಂಡು ಬಂದವರೇ ಆರು ಮಂದಿಯಂತೆ. ಹಳೆಯ ಬೋಲ್ಟು ಇದ್ದಲ್ಲಿ ಬರಿ ತೂತು. ಗಾಜು ಬಡಿದರೆ ಅತ್ತೆ ಏಳಲಿಲ್ಲ.

ಚಾಚಾ ಹೆಗಲ ಮೇಲಿನ ಟವೆಲನ್ನು ಕೈಗೆ ಸುತ್ತಿ ಗಾಜು ಒಡೆದರು. ಚೌಕಟ್ಟಿನಲ್ಲಿ ಉಳಿದ ಚೂರುಗಳ ನಡುವೆಯೇ ಒಳಗೆ ಇಳಿದು, ಗ್ಯಾಸ್ ಬಂದ್ ಮಾಡಿ, ಅತ್ತೆಯನ್ನು ಎತ್ತಿ ಹೊರಗೆ ಕೊಟ್ಟರು. ಒಳಗೆ ಇಳಿಯುವಾಗ ಒಂದು ಚೂರು ಬಲಗೈಯ ಮಣಿಕಟ್ಟನ್ನು ಕೊಯ್ದಿತ್ತು. ನಾನು ಬಂದಾಗ ಅತ್ತೆ ಹೊರಗಿನ ಗಾಳಿಗೆ ಎಚ್ಚೆತ್ತು, "ಗಾಡಿ ಬಂತೇನು?" ಎಂದು ಕೇಳುತ್ತಿದ್ದರು. ಚಾಚಾ ಗೋಡೆಗೆ ಒರಗಿ ಕೂತಿದ್ದರು. ಟವೆಲು ಪೂರ್ತಿ ಕೆಂಪಗಾಗಿತ್ತು. ನನ್ನ ಪರ್ಸು ನನ್ನ ಕಂಕುಳಲ್ಲೇ ಇತ್ತು.

ಅತ್ತೆ ಉಳಿದರು. ಮುಂದೆ ಎರಡು ವರ್ಷ ಬದುಕಿ, ಹಾಸಿಗೆಯ ಮೇಲೆ ಶಾಂತವಾಗಿ ಹೋದರು. ಚಾಚಾನ ಕೈ ಉಳಿಯಲಿಲ್ಲ. ಗಾಯ ಮಾಯಿತು, ಆದರೆ ಹೆಬ್ಬೆರಳೂ ತೋರುಬೆರಳೂ ಮಡಚುತ್ತಿರಲಿಲ್ಲ. ಅರ ಹಿಡಿಯಲು ಆ ಎರಡೇ ಬೇಕು. ಕೆಲಸ ತಂದವರಿಗೆ, "ಕೈ ಮಾತು ಕೇಳಾಂಗಿಲ್ಲಪ್ಪ" ಎಂದು ವಾಪಸು ಕಳಿಸುತ್ತಿದ್ದರು. ವೈಸಿನ ಮೇಲೆ ಧೂಳು ಕೂತಿತು. ಅವರು ಸುಮ್ಮನೆ ತಗಡಿನ ನೆರಳಲ್ಲಿ ಕೂತಿರುತ್ತಿದ್ದರು.

ನಾನು ಕಾದೆ, ಅವರು ಬೈಯಲಿ ಎಂದು. ಹಳಿಗೆ ನೀರು ಹಾಕಿದ್ದಕ್ಕೆ ಗಲ್ಲಿ ಹಾರಿಹೋಗುವಂತೆ ಒದರಿದ ಮನುಷ್ಯ, ಇದಕ್ಕೆ ಒಂದು ಮಾತೂ ಆಡಲಿಲ್ಲ. "ಅಮ್ಮಾ ಆರಾಮ ಇದ್ದಾರೇನ್ರಿ ಟೀಚರ್?" ಎಂದು ಕೇಳುವರು, ನಾನು ಹೂಂ ಅನ್ನುವೆ, ಅಷ್ಟೇ. ಒಂದು ಸಲ ಬೈದಿದ್ದರೆ ಅತ್ತು ತಪ್ಪೊಪ್ಪಿಕೊಂಡು ಬಿಡುತ್ತಿದ್ದೆನೇನೋ. ಅವರು ಆ ಅವಕಾಶವನ್ನೇ ಕೊಡಲಿಲ್ಲವಲ್ಲ ಎಂದು ಅವರ ಮೇಲೆಯೇ ಸಿಟ್ಟಾಗುತ್ತಿತ್ತು. ಎಂಥ ಮಾತಿದು ನೋಡಿ! ತಪ್ಪು ಮಾಡಿದವಳು ನಾನು, ಸಿಟ್ಟೂ ನನ್ನದೇ. ಆಮೇಲೆ ಆಮೇಲೆ ಆ ಕಡೆಯ ದಾರಿ ಬಿಟ್ಟು ಹಿಂದಿನ ಓಣಿಯಿಂದ ಶಾಲೆಗೆ ಹೋಗತೊಡಗಿದೆ. ನನಗೆ ಸೇಡಂಗೆ ವರ್ಗವಾದಾಗ ಎಲ್ಲರ ಮನೆಗೂ ಹೇಳಿ ಬಂದೆ, ಅವರ ಮನೆಗೆ ಹೋಗಲಿಲ್ಲ. ಮುಂದಿನ ರಂಜಾನಿಗೆ ಹೋಗುತ್ತೇನೆ, ಮುಂದಿನ ಸೂಟಿಯಲ್ಲಿ ಹೋಗುತ್ತೇನೆ ಎನ್ನುತ್ತ ವರ್ಷಗಳು ಕಳೆದವು...

ಭಾನುವಾರ ಮೆಕ್ಯಾನಿಕ್ ಹೋದ ಮೇಲೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಮರುದಿನ ಮುಂಜಾನೆಯ ಬಸ್ಸು ಹಿಡಿದು ವಾಡಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕೂಡಿಸಿಕೊಳ್ಳುತ್ತಿದ್ದೆ. ಬಾಗಿಲು ತೆರೆದದ್ದು ಚಾಚಾನ ಹೆಂಡತಿ, ಚಾಚಿ. ಕಣ್ಣು ಮಂಜಾಗಿದ್ದರೂ ದನಿಯ ಮೇಲೆ ಗುರುತು ಹಿಡಿದು, "ಬರ್ರಿ ಟೀಚರ್, ಕುಂದ್ರಿ" ಅಂದರು. ಚಾಚಾ ತೀರಿಹೋಗಿ ಎರಡನೇ ವರ್ಷ ನಡೆದಿದೆ ಎಂದು ಅವರ ಬಾಯಿಂದಲೇ ತಿಳಿಯಿತು. ಮಂಜಾದ ಕಣ್ಣಿನ ಆ ಮುದುಕಿಯ ಕೈ ಹಿಡಿದು, ಅಷ್ಟೂ ವರ್ಷ ನುಂಗಿಟ್ಟಿದ್ದನ್ನು ಒಂದೇ ಉಸಿರಿಗೆ ಹೇಳಿದೆ. ತಪ್ಪು ನಂದು ಚಾಚಿ, ಅವರ ಕೈ ಹೋದದ್ದು ನನ್ನಿಂದ, ಅಂದೆ.

 ಸಮಾಧಾನದ ಮಾತು ಹೇಳುತ್ತಾರೆ ಅಂದುಕೊಂಡೆ.

"ನನಗ್ಯಾಕ ಹೇಳ್ತೀರಿ ಟೀಚರ್?" ಅಂದರು. "ನೀವು ಬರತೀರಿ ಅಂತ ಅವರು ದಿನಾ ಹೊರಗ ಕುಂದರ್ತಿದ್ರು. ಅವರಿಗಿ ಹೇಳಬೇಕಿತ್ತು."

ನಾನು ಕೈ ಬಿಟ್ಟೆ. ಅವರು ಚಹಾ ಇಡಲು ಒಳಗೆ ಹೋದರು.