ತಿಥಿ ಮುಗಿದ ಮೇಲಿನ ಫ್ಲೆಕ್ಸು

ಬೆಳಿಗ್ಗೆ ಅಜ್ಜಂಪುರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ, ಮಧ್ಯಾಹ್ನ ಬೀರೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಉಳಿದ ಹೊತ್ತಿನಲ್ಲಿ ಗೋಣಿಚೀಲ, ತೆಂಗಿನ ನಾರು, ಹಳೆಯ ಫ್ಲೆಕ್ಸು ಸೇರಿಸಿ ಹೊಲಿದು ನನ್ನ ಕಲಾಕೃತಿಗಳನ್ನು ಮಾಡುತ್ತಿದ್ದೆ. ತಿಥಿ ಮುಗಿದ ಮೇಲೆ ಶ್ರದ್ಧಾಂಜಲಿಯ ಫ್ಲೆಕ್ಸನ್ನು ಯಾರೂ ಕೇಳುವುದಿಲ್ಲ. ಕಂಬದಿಂದ ಬಿಚ್ಚಿ ತರುತ್ತಿದ್ದೆ.

ಒಂದು ದಿನ ಒಬ್ಬಾಕೆ ಅಂಗಡಿಗೆ ಕೇಳಿಕೊಂಡು ಬಂದಳು. "ನಮ್ಮೆಜಮಾನ್ರ ಬೋರ್ಡು ನೀವು ಬಿಚ್ಕೊಂಡ್ ಹೋದ್ರಂತೆ. ಕೊಡ್ರಪ್ಪ, ಮನೇಲಿ ಅವರ್ದು ದೊಡ್ಡ ಫೋಟೋ ಒಂದೂ ಇಲ್ಲ."

ಆ ಮುಖವನ್ನು ನಾಲ್ಕು ಪಟ್ಟಿಯಾಗಿ ಕತ್ತರಿಸಿ ಗೋಣಿಗೆ ಹೊಲಿದಾಗಿತ್ತು. ಮೈಸೂರಿನ ಪ್ರದರ್ಶನವೊಂದಕ್ಕೆ ಆಯ್ಕೆಯಾದ ನನ್ನ ಮೊದಲ ಕೃತಿ ಅದು. ಅಂದೇ ಸಂಜೆಯ ರೈಲಿಗೆ ಒಯ್ಯಬೇಕೆಂದು ಸುತ್ತಿ ಗೋಡೆಗೆ ಒರಗಿಸಿದ್ದೆ, ಆಕೆಯ ಬೆನ್ನ ಹಿಂದೆಯೇ.

"ಬಿಸಾಕ್ಬಿಟ್ಟೆ ಕಣಮ್ಮ" ಎಂದೆ.

"ಎಲ್ಲಿ? ನಾನೇ ಹುಡುಕ್ಕೊಂತೀನಿ."

ಅಂಗಡಿಯ ಮಾಲೀಕ ನಕ್ಕ. "ಬದುಕಿದ್ದಾಗ ಹಿಂಗೆ ಹುಡುಕಿದ್ಯೇನಮ್ಮಾ?"

ಅಂಗಡಿಯ ಹಿಂದಿನ ಚರಂಡಿಯ ಕಡೆ ಕೈ ತೋರಿಸಿದ್ದು ಅವನೇ ಎಂದು ಬಹಳ ದಿನ ಅಂದುಕೊಂಡಿದ್ದೆ. ತೋರಿಸಿದ್ದು ನಾನು. ಆಕೆ ಸೆರಗು ಸಿಕ್ಕಿಸಿಕೊಂಡು ಇಳಿದು, ಕಸದಲ್ಲಿದ್ದ ಒಂದೊಂದೇ ಫ್ಲೆಕ್ಸನ್ನು ಬಿಡಿಸಿ ನೋಡುತ್ತಿರುವಾಗ ನಾನು ಸ್ಟೇಷನ್ನಿಗೆ ಹೊರಟೆ.

ಕಂಪ್ಯೂಟರಿನಲ್ಲಿ ಆ ಫ್ಲೆಕ್ಸಿನ ಫೈಲ್ ಇದೆ, ಇನ್ನೊಂದು ಪ್ರಿಂಟ್ ತೆಗೆದುಕೊಡಬಹುದಿತ್ತು ಎಂಬುದು ರೈಲು ಕಡೂರು ದಾಟಿದ ಮೇಲೆ ಹೊಳೆಯಿತೆಂದು ದಿನಚರಿಯಲ್ಲಿ ಬರೆದಿದ್ದೇನೆ. ಆಧಾರ್ ಕಾರ್ಡಿನ ಮುಖಕ್ಕೆ ಬೇರೆ ಯಾರದೋ ಬಿಳಿ ಅಂಗಿ ಕೂರಿಸಿ ಆ ಫೈಲ್ ಮಾಡಿದವನು ನಾನೇ. ಅಷ್ಟು ತಡವಾಗಿ ಹೊಳೆಯಿತೆಂಬುದನ್ನು ಈಗ ನಂಬಲಾರೆ.