ರೈಡ್ ಮುಗಿಯಲಿ ಎಂದ ಚಿಕ್ಕಮಾದಯ್ಯ

ಚಿಕ್ಕಮಾದಯ್ಯನವರ ಎಡಗಿವಿ ಮುದುರಿದ ವೀಳ್ಯದೆಲೆಯಂತಿತ್ತು. ಕಬಡ್ಡಿ ಆಡುವಾಗ ಎದುರಾಳಿಗಳ ಮಂಡಿಗೆ ಸಿಕ್ಕಿ ಸಿಕ್ಕಿ ಹಾಗಾದದ್ದು. ಯಾರಾದರೂ ದಿಟ್ಟಿಸಿದರೆ, "ಏನ್ ನೋಡ್ತೀರಿ, ಸುಣ್ಣ ಸವರ್ಕೊಂಡು ಬಾಯ್ಗಾಕ್ಕಳಿ" ಎಂದು ನಗುತ್ತಿದ್ದರು.

ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವ ಕೆಲಸ. ಉಳಿದ ಹೊತ್ತೆಲ್ಲ ಕಬಡ್ಡಿ. ಆಡುವ ವಯಸ್ಸು ದಾಟಿದ ಮೇಲೆ ಕಬಡ್ಡಿ ಸಂಘದ ಕಾರ್ಯದರ್ಶಿಯಾದರು. ಅಧ್ಯಕ್ಷರು ಬರುತ್ತಿದ್ದರು, ಹಾರ ಹಾಕಿಸಿಕೊಂಡು ಹೋಗುತ್ತಿದ್ದರು. ಅಂಕಣದ ಮಣ್ಣು ಜರಡಿ ಹಿಡಿಯುವುದು, ಗೆರೆ ಎಳೆಯುವುದು, ಸೋತ ತಂಡಕ್ಕೂ ಊಟ ಉಳಿಸುವುದು ಇವರ ಪಾಲು. ನಮ್ಮ ಕಾಲೇಜಿನ ಹುಡುಗಿಯರಿಗೆ ಆಟ ಕಲಿಸಲೂ ಬಂದರು. ನನಗದು ಒಗ್ಗಲಿಲ್ಲ. "ನಿನ್ ಕಾಲಿಗಿಂತ ಕೈ ಚೆನ್ನಾಗ್ ಓಡ್ತದೆ ಕಣವ್ವ, ಅಂಕ ಬರಿ" ಎಂದು ಮೇಜಿನ ಹಿಂದೆ ಕೂರಿಸಿದರು. ಡಿಗ್ರಿ ಮುಗಿದ ಮೇಲೂ ಅಲ್ಲೇ ಕೂರುತ್ತಿದ್ದೆ.

ಅವರ ಪ್ರಾಯದಲ್ಲಿ ಕಾವೇರಿ ದಂಡೆಯ ಹಳ್ಳಿಯೊಂದರಲ್ಲಿ ಪಂದ್ಯ. ಇವರು ರೈಡಿಗೆ ಹೋದಾಗಲೆಲ್ಲ ಎದುರಿನವರು ಸುಮ್ಮನೆ ದಾರಿ ಬಿಟ್ಟರಂತೆ. ಔಟಾದರೂ ಸರಿ, ಕೇರಿಯವನನ್ನು ತಬ್ಬಿ ಹಿಡಿಯಲು ಅವರಿಗೆ ಮನಸ್ಸಿರಲಿಲ್ಲ. ಇವರು ಅವರ ಅಂಕಣದ ನಡುವೆಯೇ ಕೂತುಬಿಟ್ಟರು. "ಇಡ್ದು ಸೋಲ್ಸ್ರಲಾ, ಬಿಟ್ಟು ಗೆಲ್ಲಿಸ್ಬೇಡಿ!" ಯಾರೂ ಹಿಡಿಯಲಿಲ್ಲ. ಗೆದ್ದು ಬಂದ ಆ ದಿನ ಅನ್ನ ಸೇರಲಿಲ್ಲ ಎನ್ನುವಾಗ ಮಾತ್ರ ಅವರು ನಗುತ್ತಿರಲಿಲ್ಲ.

ಅಂಪೈರಾಗಿ ಅವರದು ಒಂದೇ ಹಟ: ರೈಡಿನ ನಡುವೆ ಸೀಟಿ ಊದಬಾರದು. "ಉಸಿರು ಕಟ್ಕೊಂಡು ಓಗಿರೋನ್ನ ಮಧ್ಯ ನಿಲ್ಲಿಸೋದು ಪಾಪ ಕಣವ್ವ."

ಕಳೆದ ವರ್ಷ ತಿ. ನರಸೀಪುರದಲ್ಲಿ ಫೈನಲ್. ಅಧ್ಯಕ್ಷರ ಭಾಮೈದ ಸರ್ವೆ ಮರದ ಗಳ ನಿಲ್ಲಿಸಿ ಗ್ಯಾಲರಿ ಕಟ್ಟಿಸಿದ್ದ. ಮಾದಯ್ಯನವರು ಒಂದು ಗಳವನ್ನು ಅಲ್ಲಾಡಿಸಿ ನೋಡಿ, "ಇದು ತಡಿಯಕಿಲ್ಲ ಸಾ, ಅಡ್ಡಕ್ಕೂ ಗಳ ಕಟ್ಸಿ" ಎಂದರು.

"ಏಯ್ ಮಾದಯ್ಯ, ನೀನು ಗೆರೆ ನೋಡ್ಕೊ. ಗ್ಯಾಲರಿ ನಮಗ್ ಬಿಡು" ಎಂದರು ಅಧ್ಯಕ್ಷರು. ನಾನು ಪಕ್ಕದಲ್ಲೇ ಇದ್ದೆ.

ಸಂಜೆ ಕೊನೆಯ ರೈಡ್ ನಡೆಯುತ್ತಿತ್ತು. ಎದುರಿನ ಗ್ಯಾಲರಿ ತುಂಬಿದ ಗಾಡಿಯ ಹಾಗೆ ಒಂದು ಕಡೆಗೆ ವಾಲಿದ್ದು ಕಂಡಿತು. ಎದ್ದು, ಮೇಜಿನ ಮುಂದೆ ಅಂಪೈರಾಗಿ ನಿಂತಿದ್ದ ಮಾದಯ್ಯನವರ ತೋಳು ಹಿಡಿದೆ. "ಅಣ್ಣ, ಗ್ಯಾಲರಿ!"

ಅವರೂ ನೋಡಿದ್ದರು. ಸೀಟಿ ತುಟಿಯಲ್ಲೇ ಇತ್ತು. "ತಡಿ, ರೈಡ್ ಮುಗೀಲಿ" ಎಂದರು.

ಮುಗಿಯುವ ಮೊದಲೇ ಗಳ ಸೀಳಿತು. ಜನ, ಹಲಗೆ, ಚಪ್ಪಲಿ ಎಲ್ಲ ಒಟ್ಟಿಗೆ ಬಂದವು. ಮಾದಯ್ಯನವರು ಹಲಗೆಗೆ ಹೆಗಲು ಕೊಟ್ಟು ಎಷ್ಟೋ ಜನರನ್ನು ಎಳೆದು ಹಾಕಿದರು. ಗ್ಯಾಲರಿಯ ಕೆಳಗೆ ಕಡಲೆಕಾಯಿ ಮಾರುತ್ತಿದ್ದ ಹೆಂಗಸು ಮಾತ್ರ ಉಳಿಯಲಿಲ್ಲ. ಈಗಲೂ ಬಸ್ಸಿನಲ್ಲಿ ಸೀಟು ಕಿರ್ರೆಂದರೆ ನಾನು ಎದ್ದು ನಿಲ್ಲುತ್ತೇನೆ.

ಎಲ್ಲ ಜವಾಬ್ದಾರಿ ಕಾರ್ಯದರ್ಶಿಯದೇ ಎಂದು ಅಧ್ಯಕ್ಷರು ಪೊಲೀಸರ ಮುಂದೆ ಹೇಳಿ ಕಾರು ಹತ್ತಿದರು. ಮಾದಯ್ಯನವರು ಎದುರಾಡಲಿಲ್ಲ. ಸಂಘ ಹೆಸರು ತೆಗೆಯಿತು, ಕಾರ್ಖಾನೆ ಕೆಲಸ ಬಿಡಿಸಿತು. ಕೇಸು ವಿಚಾರಣೆಗೆ ಬರುವ ಮೊದಲೇ ಅವರು ಎದೆನೋವಿನಿಂದ ತೀರಿಕೊಂಡರು. ಸಂತಾಪ ಸಭೆಯಲ್ಲಿ ಅದೇ ಅಧ್ಯಕ್ಷರು "ತುಂಬಲಾರದ ನಷ್ಟ" ಎಂದರು. ಜನ ಚಪ್ಪಾಳೆ ತಟ್ಟಲು ಹೋಗಿ ಕೈ ತಡೆದುಕೊಂಡರು.

ಸಾಯುವ ಕೆಲವು ದಿನ ಮೊದಲು ಅವರ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಕೂತಿದ್ದರು.

"ಗಳ ತಡೆಯಲ್ಲ ಅಂತ ನೀವು ಹೇಳಿದ್ದನ್ನ ನಾನು ಕೋರ್ಟಲ್ಲಿ ಹೇಳ್ತೀನಿ ಅಣ್ಣ" ಎಂದೆ.

"ಯೋಳವ್ವ. ಆಮೇಲಿಂದೂ ಯೋಳು."

"ಅಷ್ಟರಲ್ಲಿ ಸೀಟಿ ಊದಿದ್ರೂ ಅಷ್ಟು ಜನ ಹೆಂಗೆ ಇಳೀತಿದ್ರು?"



"ಮೇಲಿದ್ದೋರು ಇಳೀತಿರ್ನಿಲ್ಲ, ದಿಟ. ಆ ಯಮ್ಮ ಕೆಳಗಿದ್ಲು ಕಣವ್ವ. ಎದ್ದು ಈಚೆಗ್ ಬಂದಿದ್ರೆ ಸಾಕಿತ್ತು."