ಗೋಡೆಗೆ ಮುಖ ಮಾಡಿ ಹಾಡಿದ ಚಿತ್ತಕ್ಕ

ಚಿತ್ರದುರ್ಗದ ನಮ್ಮ ರೆಕಾರ್ಡಿಂಗ್ ಕೋಣೆಯ ಮೂಲೆಯಲ್ಲಿ, ಗೋಡೆಗೆ ಅಂಟಿಸಿದ ಬೂದು ಸ್ಪಂಜಿನ ಮೇಲೆ, ಅಂಗೈ ಅಗಲದ ಒಂದು ಎಣ್ಣೆಯ ಕಲೆ ಇದೆ. ಅದು ಚಿತ್ತಕ್ಕ ಹಣೆ ಊರುತ್ತಿದ್ದ ಜಾಗ. ಎರಡು ವರ್ಷ ಅವಳು ಹಾಡಿದ್ದೆಲ್ಲವನ್ನೂ ಆ ಮೂಲೆಗೇ ಹಾಡಿದಳು. ತಲೆಯ ಮೇಲೆ ಕರಿ ಕಂಬಳಿ ಎಳೆದುಕೊಂಡು, ಗೋಡೆಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಮೈಕನ್ನು ನಾವು ಅವಳ ಗದ್ದದ ಕೆಳಗೆ ತೂಗುಬಿಡುತ್ತಿದ್ದೆವು. ಹಿಂದಿನಿಂದ ನೋಡಿದವರಿಗೆ ಯಾರೋ ಶಿಕ್ಷೆ ಕೊಟ್ಟು ನಿಲ್ಲಿಸಿದ್ದಾರೆ ಅನ್ನಿಸಬೇಕು. ಆದರೆ ಹಿಂದಿನಿಂದ ನೋಡುವುದಕ್ಕೂ ಅವಳು ಬಿಡುತ್ತಿರಲಿಲ್ಲ.

‘ಅತ್ತಾಗ್ ತಿರುಗ್ರಿ’ ಅನ್ನುತ್ತಿದ್ದಳು. ನಾನು ಎದುರಿನ ಗೋಡೆಗೆ ತಿರುಗುತ್ತಿದ್ದೆ. ಕಂಪ್ಯೂಟರ್ ಮುಂದೆ ಕೂತ ರುದ್ರೇಶ್ ತನ್ನ ಪರದೆಗೆ ತಿರುಗುತ್ತಿದ್ದ. ಆಮೇಲೆ ಕೋಣೆಯೊಳಗೆ ಹಾಡು ಬರುತ್ತಿತ್ತು.

ರುದ್ರೇಶ್ ಆ ಸ್ಟುಡಿಯೋದ ಯಜಮಾನ. ಸ್ಟುಡಿಯೋ ಅಂದರೆ ಮಹಡಿ ಮೇಲಿನ ಎರಡು ಬಾಡಿಗೆ ಕೋಣೆ. ಅಲ್ಲಿ ನಾವು ಮೊಬೈಲಿನಲ್ಲಿ ನೋಡುವ ಮಕ್ಕಳ ಕಾರ್ಟೂನ್ ಸರಣಿಯೊಂದನ್ನು ಮಾಡುತ್ತಿದ್ದೆವು. ಮಿಣುಕಿ ಅನ್ನುವ ಕುರಿಮರಿಯ ಕಥೆಗಳು. ಚಿತ್ರ ಬಿಡಿಸುವುದು, ಕುಣಿಸುವುದು ಅವನ ಕೆಲಸ. ಕಥೆ, ಮಾತು, ಹಾಡು ಬರೆಯುವುದು ನನ್ನದು. ಕನ್ನಡ ಎಂ.ಎ. ಮಾಡಿಕೊಂಡು ಬಂದಿದ್ದೆ. ಮಕ್ಕಳ ಮನಸ್ಸು ನನಗೆ ಗೊತ್ತು ಎಂಬ ನಂಬಿಕೆ ಬೇರೆ ಇತ್ತು.

ಚಿತ್ತಕ್ಕ ನಮಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಕುರಿಗಳ ಸದ್ದು ಬೇಕೆಂದು ನಾವು ಒಂದು ಬೆಳಿಗ್ಗೆ ಮದಕರಿಪುರದ ಕಡೆ ಹೋಗಿ, ಒಂದು ಕುರಿಹಟ್ಟಿಯ ಬೇಲಿಗೆ ರೆಕಾರ್ಡರ್ ಕಟ್ಟಿ ಬಂದೆವು. ವಾಪಸ್ಸು ಬಂದು ಕೇಳಿದರೆ ಕುರಿಗಳ ಹಿಂದೆ ಒಬ್ಬ ಹೆಂಗಸು ಹಾಡುತ್ತಿದ್ದಳು. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತ, ತಾನೇ ಕಟ್ಟಿದ ಯಾವುದೋ ಹಾಡು ಅಂತ ಆಮೇಲೆ ಗೊತ್ತಾಯಿತು. ಐವತ್ತು ದಾಟಿದ ಹೆಂಗಸಿನ ಗಂಟಲು ಅದು ಅಂತ ಆಣೆ ಮಾಡಿದರೂ ನಂಬುವಂತಿರಲಿಲ್ಲ. ಎಳೆಯದು, ಸ್ವಲ್ಪ ನಡುಗುವುದು, ಈಗ ಬಿದ್ದೀತು ಅನ್ನುವಾಗ ಎದ್ದು ನಿಲ್ಲುವುದು. ರುದ್ರೇಶ್ ಮೂರು ಸಲ ಕೇಳಿ, ‘ಇದೇ ಮಿಣುಕಿ ಮೇಡಂ. ಇನ್ನು ಹುಡುಕೋದೇ ಬ್ಯಾಡ’ ಅಂದ.

ಮಾರನೆಯ ದಿನ ಹೋಗಿ ಕೇಳಿದಾಗ ಅವಳು ಬರಲೊಪ್ಪಿದ್ದು ಒಂದೇ ಷರತ್ತಿನ ಮೇಲೆ.

‘ಹಾಡ್ತೀನಿ. ಆದ್ರೆ ಯಾರೂ ನನ್ ಮುಖ ನೋಡಬಾರ್ದು. ಕಣ್ಣು ಬಿದ್ರೆ ನನ್ ಗಂಟ್ಲು ಮುಚ್ಕಂತೈತೆ.’

‘ಯಾರೂ ನೋಡಲ್ಲ ಚಿತ್ತಕ್ಕ. ನಾನು ಮಾತು ಕೊಡ್ತೀನಿ’ ಅಂದೆ.

ಆ ಭಯದ ಮೂಲವನ್ನು ಅವಳು ನಗುನಗುತ್ತಲೇ ಹೇಳಿದ್ದಳು. ಮದುವೆಯ ದಿನ ಒಗಟು ಕಟ್ಟಿ ಗಂಡನ ಹೆಸರು ಹೇಳು ಅಂತ ಹೆಣ್ಣನ್ನು ಬಾಗಿಲಲ್ಲಿ ತಡೆದು ನಿಲ್ಲಿಸುತ್ತಾರಲ್ಲ, ಅಲ್ಲಿ ಇವಳ ಬಾಯಿ ಕಟ್ಟಿಹೋಯಿತು. ಹಟ್ಟಿಗೆ ಹಟ್ಟಿಯೇ ನೋಡುತ್ತಿತ್ತು. ಬಿಸಿಲು ನೆತ್ತಿಯಿಂದ ಇಳಿದರೂ ಒಂದಕ್ಷರ ಹೊರಡಲಿಲ್ಲ.

‘ನಮ್ ನಾದಿನೇರು ಮೂಗಿ ಅಂತ ಹೆಸರಿಟ್ರು ತಾಯಿ. ನನ್ ಗಂಡನೂ ನಮ್ಮತ್ತೆಗೆ ಕೇಳಿದ್ನಂತೆ, ಮೂಗೀನ ತಂದು ಕಟ್ಟಿದ್ರಲ್ಲ ಅಂತ. ಆಮ್ಯಾಲೆ ಒಂದಿನ ಕುರಿರೊಪ್ಪದಾಗೆ ನಾನು ಹಾಡಾದು ಕೇಳಿಸ್ಕಂಡ. ಒಳಗೆ ಬರಲಿಲ್ಲ. ನಾನು ಅತ್ತಾಗ್ ತಿರುಗಿ ನಿಂತ್ಕಂತೀನಿ, ನೀನು ಹಾಡು ಅಂದ. ಸಾಯೋವರ್ಗೂ ಅಂಗೇ ನಿಂತ ಪುಣ್ಯಾತ್ಮ.’

ವಾರಕ್ಕೆ ಎರಡು ದಿನ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಕಂಬಳಿಯ ಮಡಿಕೆಯಲ್ಲಿ ಮಂಡಕ್ಕಿ, ಒಂದು ಈರುಳ್ಳಿ. ಓದು ಬರದ ಅವಳಿಗೆ ನಾನು ಸಾಲು ಹೇಳಿಕೊಟ್ಟರೆ ಎರಡನೇ ಸಲಕ್ಕೆ ಒಪ್ಪಿಸುತ್ತಿದ್ದಳು, ಜೊತೆಗೆ ತಪ್ಪು ಎತ್ತುತ್ತಿದ್ದಳು. ಮಿಣುಕಿಯ ಚಿತ್ರ ಮೊದಲ ಸಲ ನೋಡಿದಾಗ ಬಾಯಿಗೆ ಸೆರಗು ಹಿಡಿದು ನಕ್ಕಳು. ‘ಏನಪ್ಪ ರುದ್ರೇಶ, ಕುರೀಗೆ ಮೊಲದ ಕಿವಿ ಹಚ್ಚೀಯಲ್ಲೋ! ಇದು ನಮ್ ಮಂದೆಗೆ ಬಂದ್ರೆ ನಾಯಿ ಅಟ್ಟಿಸ್ಕಂಡ್ ಹೋಗ್ತೈತೆ.’

ರುದ್ರೇಶನೂ ಬಿಡುತ್ತಿರಲಿಲ್ಲ. ‘ಏನಂತು ಚಿತ್ತಕ್ಕ ನಿನ್ ಗೋಡೆ ಇವತ್ತು?’

‘ಅದು ನಿನ್ನಂಗೆ ಒದರಲ್ಲಪ್ಪ. ಅದುಕ್ಕೇ ಅದುರ ಮುಂದೆ ಹಾಡ್ತೀನಿ.’

ಎರಡನೇ ವರ್ಷ ನಾನು ಒಂದು ಕಂತು ಬರೆದೆ. ಮಿಣುಕಿಗೆ ಹಾಡಲು ಬರುತ್ತದೆ, ಆದರೆ ವೇದಿಕೆ ಅಂದರೆ ಭಯ. ಕಾಡಿನ ಹಬ್ಬದ ದಿನ ಗೆಳೆಯರೆಲ್ಲ ಸೇರಿ ಅವಳಿಗೆ ತಿಳಿಯದಂತೆ ವೇದಿಕೆಗೆ ತಳ್ಳುತ್ತಾರೆ. ಪರದೆ ಸರಿಯುತ್ತದೆ. ಮಿಣುಕಿ ನಡುಗುತ್ತಾಳೆ, ಕಣ್ಣು ತೆರೆಯುತ್ತಾಳೆ, ಹಾಡುತ್ತಾಳೆ. ಚಪ್ಪಾಳೆ. ಭಯ ಹಾರಿಹೋಗುತ್ತದೆ. ಯಾರನ್ನು ನೋಡಿ ಬರೆದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಿತ್ತಕ್ಕ ಕಥೆ ಪೂರ್ತಿ ಕೇಳಿದಳು. ನಗಲಿಲ್ಲ.

‘ಅಂಗಾಗಲ್ಲ ತಾಯಿ.’

‘ಯಾಕಾಗಲ್ಲ?’

‘ಬೆದರಿದ ಕುರಿ ಎಲ್ಲಿ ದಾರಿ ಐತೆ ಅಂತ ನೋಡಲ್ಲ. ಎಲ್ಲಿ ಮರೆ ಐತೆ ಅಂತ ನೋಡ್ತೈತೆ. ಮರೆ ಅಂತ ಮುಳ್ಳುಬೇಲಿಗೂ ನುಗ್ತೈತೆ, ಬಾವಿಗೂ ಬೀಳ್ತೈತೆ. ಅದುಕ್ಕೇ ನಾವು ತಳ್ಳಲ್ಲ. ಅದುರ ಮಗ್ಲಾಗೆ ನಿಂತ್ಕಂತೀವಿ. ಮನುಷ್ಯರ ಕಾಲು ತಾಕಿದ್ರೆ ಧೈರ್ಯ ಬರ್ತೈತೆ. ನಿನ್ ಮರಿ ಮಗ್ಲಾಗೆ ಯಾರನ್ನಾರ ನಿಲ್ಲಿಸು.’

‘ಇದು ಮಕ್ಕಳ ಕಥೆ ಚಿತ್ತಕ್ಕ. ಕೊನೆ ಚೆನ್ನಾಗಿರಬೇಕು.’

‘ಬರ್ಕ ನಿನ್ನಿಷ್ಟ. ನೀನು ಓದಿದಾಕಿ’ ಅಂದು ಕಂಬಳಿ ಎಳೆದುಕೊಂಡಳು. ಹಾಡಿದಳು. ಆ ಕಂತು ಹಿಂದಿನ ಎಲ್ಲ ಕಂತುಗಳಿಗಿಂತ ಹೆಚ್ಚು ಓಡಿತು. ನನ್ನ ಕಥೆಯನ್ನು ನಾನೇ ನಂಬತೊಡಗಿದ್ದು ಆಗ.

ಹೊಸದುರ್ಗದ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ಮಿಣುಕಿಯ ಹಾಡು ಬೇಕು ಎಂದು ಕರೆದರು. ರುದ್ರೇಶ್ ಒಪ್ಪಿಕೊಂಡು ಬಂದ. ವೇದಿಕೆಗೆ ಅಡ್ಡಲಾಗಿ ಮಿಣುಕಿಯ ದೊಡ್ಡ ಚಿತ್ರ ಬರೆದ ಪರದೆ, ಅದರ ಹಿಂದೆ ಚಿತ್ತಕ್ಕ. ಯಾರಿಗೂ ಕಾಣುವುದಿಲ್ಲ. ಅವಳಿಗೆ ಹೇಳಿದ್ದು ಇಷ್ಟೇ. ಹೇಳದೆ ಉಳಿಸಿಕೊಂಡಿದ್ದು, ಎರಡನೇ ನುಡಿ ಮುಗಿದ ಕೂಡಲೇ ಪರದೆ ಬೀಳುತ್ತದೆ ಎಂಬುದು.

‘ಒಂದ್ಸಲ ಚಪ್ಪಾಳೆ ಬಿದ್ದರೆ ಸಾಕು, ಆಕಿ ಭಯ ಎಲ್ಲ ಬಿಟ್ಟೋಗ್ತೈತೆ. ನೀವೇ ಬರ್ದೀರಲ್ಲ ಮೇಡಂ’ ಅಂದ ರುದ್ರೇಶ್. ಅವನು ತಾನು ಹೇಳಿದ್ದನ್ನು ನಂಬಿದ್ದನೋ, ವಿಡಿಯೋ ಆಗುತ್ತದೆ ಅಂತಷ್ಟೇ ಲೆಕ್ಕ ಹಾಕಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನಂತೂ ನಂಬಿದ್ದೆ. ವಿಡಿಯೋಗೆ ‘ಮಿಣುಕಿ ಗೆದ್ದಳು’ ಎಂಬ ಶೀರ್ಷಿಕೆಯನ್ನು ಹಿಂದಿನ ದಿನವೇ ಬರೆದು ಕೊಟ್ಟಿದ್ದೆ.

ಶಾಲೆಯ ಹೊಸ ಕಟ್ಟಡ ಅರ್ಧಕ್ಕೆ ಎದ್ದಿತ್ತು. ಗೋಡೆ ಬಾರದ ಎತ್ತರದ ತಳಪಾಯವನ್ನೇ ವೇದಿಕೆ ಮಾಡಿದ್ದರು. ಅದರ ಹಿಂಬದಿಗೆ ನೀರಿನ ತೊಟ್ಟಿಗೆಂದು ಆಳುದ್ದದ ಗುಂಡಿ ತೋಡಿದ್ದರು. ತಳದಿಂದ ಕಬ್ಬಿಣದ ಸರಳುಗಳು ನೆಟ್ಟಗೆ ಎದ್ದು ನಿಂತಿದ್ದವು. ಬೆಳಿಗ್ಗೆಯೇ ನಾನು ಅದನ್ನು ನೋಡಿ ರುದ್ರೇಶನಿಗೆ ತೋರಿಸಿದೆ. ‘ಅದು ಹಿಂದೈತಲ್ಲ ಮೇಡಂ, ಜನ ಇರಾದು ಮುಂದೆ’ ಅಂದ. ಆದರೂ ನೋಡಲು ಚೆನ್ನಾಗಿಲ್ಲ ಎಂದು, ಶಾಮಿಯಾನದವನಿಗೆ ಹೇಳಿ ಹಿಂಬದಿಗೆ ಉದ್ದಕ್ಕೂ ಒಂದು ಬಟ್ಟೆ ಕಟ್ಟಿಸಿದೆ. ಬಿಗಿಯಾಗಿ ಕಟ್ಟಿದ. ದೂರದಿಂದ ಗೋಡೆಯ ಹಾಗೇ ಕಾಣುತ್ತಿತ್ತು.

ಮಧ್ಯಾಹ್ನ ಮೂರು ಗಂಟೆ. ಮುಂದೆ ಮೈದಾನದ ತುಂಬ ಮಕ್ಕಳು. ಎರಡು ಬಟ್ಟೆಗಳ ನಡುವೆ ಒಂದು ಸ್ಟೂಲು. ಚಿತ್ತಕ್ಕ ಜನರ ಕಡೆಗೆ ಬೆನ್ನು ಹಾಕಿ, ಕೈಯಲ್ಲಿ ಮೈಕು ಹಿಡಿದು ಕೂತಳು. ನನ್ನ ಮಣಿಕಟ್ಟು ಹಿಡಿದುಕೊಂಡಳು.

‘ಎಷ್ಟು ಜನ ಅವ್ರೆ ತಾಯಿ?’

‘ಸ್ವಲ್ಪ ಜನ.’

‘ಸುಳ್ಳು ಹೇಳ್ತೀಯ, ಗದ್ದಲ ಕೇಳ್ತೈತೆ. ನೀನು ಇಲ್ಲೇ ನನ್ ಮಗ್ಲಾಗೆ ನಿಂತ್ಕ. ಅತ್ತಾಗೇ ತಿರುಗಿ ನಿಂತ್ಕ. ಅಷ್ಟು ಸಾಕು ನಂಗೆ.’

‘ಇಲ್ಲೇ ಇರ್ತೀನಿ’ ಅಂದೆ.

ಅವಳು ಕಣ್ಣು ಮುಚ್ಚಿ ಹಾಡು ಎತ್ತಿಕೊಂಡ ಮೇಲೆ ನಾನು ಸದ್ದಿಲ್ಲದೆ ಸರಿದು ಪರದೆಯ ಹಗ್ಗದ ಬಳಿ ಹೋದೆ. ಮೈದಾನ ಗಪ್ಪಾಯಿತು. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಹಾಡಿರಲಿಲ್ಲ. ಎರಡನೇ ನುಡಿ ಮುಗಿಯಿತು. ಕೆಳಗೆ ಮೊಬೈಲು ಹಿಡಿದು ನಿಂತಿದ್ದ ರುದ್ರೇಶ್ ಕೈ ಎತ್ತಿದ. ನಾನು ಹಗ್ಗ ಎಳೆದೆ.

ಮೈಮೇಲೆ ಬಿಸಿಲು ಬಿದ್ದದ್ದು ಅವಳಿಗೆ ಗೊತ್ತಾಯಿತು. ಎದ್ದು ತಿರುಗಿದಳು. ಆಮೇಲೆ ಮುಂದಿನ ಸಾಲಿನಿಂದ ಯಾವುದೋ ಮಗು ಕೂಗಿತು: ‘ಲೇ, ಮಿಣುಕಿ ಅಲ್ಲ ಕಣ್ರೋ, ಮುದುಕಿ!’ ಮೈದಾನಕ್ಕೆ ಮೈದಾನವೇ ನಕ್ಕಿತು. ಮಕ್ಕಳದ್ದೇನು ತಪ್ಪು?

ಚಿತ್ತಕ್ಕ ಪಕ್ಕಕ್ಕೆ ನೋಡಿದಳು. ನಾನು ನಿಲ್ಲಬೇಕಾಗಿದ್ದ ಕಡೆಗೆ. ಅಲ್ಲಿ ಯಾರೂ ಇರಲಿಲ್ಲ. ಕಂಬಳಿಯನ್ನು ತಲೆಗೆ ಎಳೆದುಕೊಂಡು ಹಿಂದಕ್ಕೆ ತಿರುಗಿದಳು. ಅಲ್ಲಿ ಗೋಡೆ ಕಂಡಿತು.

ನಾಲ್ಕು ಹೆಜ್ಜೆ. ಬಸ್ಸಿನಲ್ಲಿ ಕೂತಾಗ, ಹಲ್ಲು ಉಜ್ಜುವಾಗ, ಯಾರೋ ಮಾತಾಡುತ್ತಿರುವಾಗ, ನಾನು ಅವನ್ನು ಎಣಿಸುತ್ತೇನೆ. ಮೊದಲ ಹೆಜ್ಜೆಗೆ ಕೂಗಿದ್ದರೆ ನಿಲ್ಲುತ್ತಿದ್ದಳು. ಎರಡನೆಯದಕ್ಕೆ ಓಡಿದ್ದರೆ ಕೈ ಸಿಗುತ್ತಿತ್ತು. ಮೂರನೆಯದಕ್ಕೂ ಕಂಬಳಿಯ ಚುಂಗು ಸಿಗುತ್ತಿತ್ತು. ನನ್ನ ಕೈಯಲ್ಲಿ ಇನ್ನೂ ಹಗ್ಗವೇ ಇತ್ತು. ನಾಲ್ಕನೆಯ ಹೆಜ್ಜೆಗೆ ಅವಳು ಎರಡು ವರ್ಷದ ರೂಢಿಯಂತೆ ಮೈಯ ಭಾರವನ್ನೆಲ್ಲ ಬಿಟ್ಟು ಬಟ್ಟೆಗೆ ಹಣೆ ಊರಿದಳು. ಬಟ್ಟೆ ಅವಳನ್ನು ಒಳಗೆ ತೆಗೆದುಕೊಂಡಿತು.

ಮೈಕು ಅವಳ ಕೈಯಲ್ಲೇ ಇತ್ತು. ಬಿದ್ದ ಸದ್ದು ಮೈದಾನದ ನಾಲ್ಕೂ ಸ್ಪೀಕರುಗಳಲ್ಲಿ ಬಂತು. ಇದೂ ಆಟದ ಭಾಗವೆಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು.

ಗಾರೆ ಕೆಲಸದ ಇಬ್ಬರು ಗುಂಡಿಗೆ ಹಾರಿದರು. ನಾನು ಅಂಚಿನಲ್ಲಿ ಮಂಡಿಯೂರಿ ನೋಡಿದೆ. ಒಂದು ಸರಳು ಕಂಬಳಿಯನ್ನು ತೂರಿ ಅವಳ ಕುತ್ತಿಗೆಯ ಪಕ್ಕದಲ್ಲಿ ಎದ್ದಿತ್ತು. ನಡುವೆ ನಾಲ್ಕು ಬೆರಳಿನ ಜಾಗ. ಸೊಂಟದಿಂದ ಕೆಳಗೆ ಮೈ ತಿರುಚಿಕೊಂಡಿತ್ತು. ಚಿತ್ತಕ್ಕ ಅಳಲಿಲ್ಲ, ಕೂಗಲಿಲ್ಲ. ಕಣ್ಣು ತೆರೆದು ನನ್ನನ್ನು ನೋಡಿ, ‘ಎಲ್ಲಾರನ್ನೂ ಅತ್ತಾಗ್ ತಿರುಗಾಕೆ ಹೇಳು’ ಅಂದಳು.

ಸೊಂಟದ ಮೂಳೆ ಮುರಿದಿತ್ತು. ಎರಡು ಆಪರೇಷನ್ ಆದವು. ಉಳಿದದ್ದೇ ಹೆಚ್ಚು ಅಂದರು ಡಾಕ್ಟರು. ಅವಳಿನ್ನೂ ವಾರ್ಡಿನಲ್ಲಿರುವಾಗಲೇ ವಿಡಿಯೋ ಹೊರಬಂತು. ಪರದೆ ಬೀಳುತ್ತದೆ, ಕಂಬಳಿಯ ಹೆಂಗಸು ಎದ್ದು ತಿರುಗುತ್ತಾಳೆ, ಅಷ್ಟಕ್ಕೇ ಕತ್ತರಿಸಿ ಅದಕ್ಕೆ ಚಪ್ಪಾಳೆ ಅಂಟಿಸಿದ್ದರು. ಆ ಚಪ್ಪಾಳೆ ಎಲ್ಲಿಯದೆಂದು ನನಗೆ ಗೊತ್ತು. ಮೇಲೆ ನನ್ನ ಶೀರ್ಷಿಕೆ. ಕೆಳಗೆ ಊರೂರಿನ ತಾಯಂದಿರು ಕಣ್ಣೀರು ಬಂತು, ನನ್ನ ಮಗಳಿಗೆ ಧೈರ್ಯ ಬಂತು ಎಂದು ಬರೆದಿದ್ದರು. ನಾನು ಫೋನು ಮಾಡಿ ರುದ್ರೇಶನಿಗೆ ಬೈದೆ.

‘ಹಗ್ಗ ಎಳೆದಾರು ಯಾರು ಮೇಡಂ?’ ಅಂದ ಅವನು. ನಾನು ಫೋನು ಇಟ್ಟೆ. ಕೆಲಸ ಬಿಟ್ಟೆ. ಅದೊಂದು ದೊಡ್ಡ ಕೆಲಸವೆಂಬಂತೆ ಬಿಟ್ಟೆ.

ಮದಕರಿಪುರದ ಆ ಹಟ್ಟಿಗೆ ಹೋಗಲು ನನಗೆ ಏಳು ತಿಂಗಳು ಬೇಕಾಯಿತು. ಬಸ್ಸಿನಲ್ಲಿ ಪಕ್ಕದ ಹೆಂಗಸು ಮಗುವಿಗೆ ತಿನ್ನಿಸಲು ಮೊಬೈಲು ಹಿಡಿದಿದ್ದಳು. ಮಿಣುಕಿ ವೇದಿಕೆಯ ಮೇಲೆ ಹಾಡುತ್ತಿದ್ದಳು. ಮಗು ಬಾಯಿ ತೆರೆದು ನುಂಗುತ್ತಿತ್ತು.

ಚಿತ್ತಕ್ಕ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಕಾಲಿನ ಊರುಗೋಲು. ‘ಬಾ ತಾಯಿ, ಕುಂತ್ಕ’ ಅಂದಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹೇಳಿದೆ. ನನ್ನದೇ ತಪ್ಪು ಅಂದೆ.

‘ನಿಂದಲ್ಲ ಅಂತ ನಾನೇನೂ ಅನ್ನಲ್ಲ’ ಅಂದಳು. ‘ಆ ರುದ್ರೇಶಪ್ಪಗೆ ಕುರಿ ಗೊತ್ತಿಲ್ಲ, ನಾನು ಗೊತ್ತಿಲ್ಲ. ನಿನಗೆ ಹೇಳಿದ್ದೆ. ಎಲ್ಡ್ ಸಲ ಹೇಳಿದ್ದೆ.’

ಹೊರಗೆ ಎಲ್ಲೋ ಒಂದು ಮರಿ ಒದರಿತು.

‘ಈಗ ಹಾಡ್ತೀಯಾ ಚಿತ್ತಕ್ಕ? ಕುರಿಗಾದರೂ?’

ಅವಳು ನನ್ನನ್ನು ನೋಡಿದಳು. ಆಮೇಲೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಸರಳು ತೂರಿದ ಜಾಗಕ್ಕೆ ಬಿಳಿ ದಾರದ ಹೊಲಿಗೆ ಬಿದ್ದಿತ್ತು.

‘ಅತ್ತಾಗ್ ತಿರುಗು’ ಅಂದಳು.

ನಾನು ಎದ್ದು ಗೋಡೆಗೆ ಮುಖ ಮಾಡಿ ನಿಂತೆ. ಸುಣ್ಣ ಬಳಿದ ಮಣ್ಣಿನ ಗೋಡೆ. ಕಣ್ಣು ಮುಚ್ಚಿ ಕಾದೆ. ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು, ಹಾಡಿಗೆ ಮುಂಚೆ ಎಳೆದುಕೊಳ್ಳುವಂತೆಯೇ. ಆಮೇಲೆ ಮಂಚ ಕಿರುಗುಟ್ಟಿತು. ಊರುಗೋಲಿನ ಕಾಲುಗಳು ನೆಲಕ್ಕೆ ತಾಕಿದವು. ಒಂದು ಕುಟ್ಟು, ಆಮೇಲೆ ಕಾಲು ಎಳೆಯುವ ಸದ್ದು. ಮತ್ತೆ ಒಂದು ಕುಟ್ಟು.

ಅವಳು ನಡೆಯುವುದನ್ನು ನಾನು ನೋಡಬಾರದಾಗಿತ್ತು, ಅಷ್ಟೇ. ನಾನು ಎಣಿಸುತ್ತ ನಿಂತೆ. ನಾಲ್ಕು ದಾಟಿತು, ಹತ್ತು ದಾಟಿತು. ಒಳಮನೆಯ ಬಾಗಿಲು ಮುಚ್ಚಿಕೊಂಡಿತು. ತಿರುಗು ಎಂದು ಅವಳು ಹೇಳಲಿಲ್ಲ. ನಾನು ಗೋಡೆಯನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದೆ.